ಬಿಲ್ಲು ತೋರಿಸಿ, ಹಣ ಪಡೆಯಿರಿ: ಬಾಡಿಗೆ ಪ್ರಾಧಿಕಾರಕ್ಕೊಂದು ಬಹಿರಂಗ ಪತ್ರ

ಬಾಡಿಗೆ ಪ್ರಾಧಿಕಾರದ ಮಾನ್ಯ ಅಧಿಕಾರಿಗಳಿಗೆ, ಹಾಗೂ ವಿದ್ಯುತ್ ಮತ್ತು ನೀರು ಸರಬರಾಜು ಸಂಸ್ಥೆಗಳ ಹಿರಿಯ ಅಧಿಕಾರಿಗಳಿಗೆ,

ಗೌರವಪೂರ್ವಕ ನಮಸ್ಕಾರಗಳು.

ನಾನೊಬ್ಬ ಬಾಡಿಗೆದಾರ. ಬಾಡಿಗೆಯ ಬಗ್ಗೆ ನನ್ನದೇನೂ ತಕರಾರಿಲ್ಲ. ಕರಾರು ಪತ್ರದಲ್ಲಿ ಒಪ್ಪಿಕೊಂಡ ಮೊತ್ತವನ್ನು ಒಪ್ಪಿಕೊಂಡ ದಿನಕ್ಕೆ ಕಟ್ಟುತ್ತಾ ಬಂದಿದ್ದೇನೆ. ನನ್ನ ದೂರು ಇರುವುದು ಬಾಡಿಗೆಯ ಬೆನ್ನಿಗೆ ಅಂಟಿಕೊಂಡು ಪ್ರತಿ ತಿಂಗಳೂ ಬರುವ ಇನ್ನೊಂದು ಮೊತ್ತದ ಬಗ್ಗೆ. ‘ಕರೆಂಟು, ನೀರು’ ಎಂದು ಬರೆದ ಒಂದು ಚೀಟಿ ನಮ್ಮ ಬಾಗಿಲ ಸಂದಿಗೆ ಬರುತ್ತದೆ. ಅದರಲ್ಲಿ ಹಿಂದಿನ ರೀಡಿಂಗ್ ಇರುವುದಿಲ್ಲ, ಈಗಿನ ರೀಡಿಂಗ್ ಇರುವುದಿಲ್ಲ, ಯೂನಿಟ್ಟಿಗೆ ಎಷ್ಟು ಎಂಬ ದರವೂ ಇರುವುದಿಲ್ಲ. ಕೂಡಿಸಿದ ಒಂದು ಮೊತ್ತ, ಕಟ್ಟಬೇಕಾದ ಗಡುವು, ಇವೆರಡೇ. ಈ ಮೊತ್ತ ಹೇಗೆ ಬಂತು ಎಂದು ಕೇಳಿದ್ದರಿಂದ ಶುರುವಾದ ವಿವಾದ ಇದು. ನನ್ನಂತೆ ಚೀಟಿ ನೋಡಿ ಸುಮ್ಮನೆ ಹಣ ಕಟ್ಟುವ ಕುಟುಂಬಗಳು ಲೆಕ್ಕವಿಲ್ಲದಷ್ಟಿರುವುದರಿಂದ ಇದನ್ನು ಖಾಸಗಿ ದೂರಾಗಿ ಮಾತ್ರ ಸಲ್ಲಿಸದೆ ಎಲ್ಲರೆದುರು ಬರೆಯುತ್ತಿದ್ದೇನೆ.

ಮನೆಯ ವ್ಯವಸ್ಥೆಯನ್ನು ಮೊದಲು ವಿವರಿಸುತ್ತೇನೆ. ಕಟ್ಟಡಕ್ಕೆಲ್ಲ ಇರುವುದು ಒಂದೇ ವಿದ್ಯುತ್ ಸಂಪರ್ಕ, ಒಂದೇ ಮುಖ್ಯ ಮೀಟರ್. ಕೆಳಗೆ ಮಾಲೀಕರು ವಾಸವಿದ್ದಾರೆ, ಮೇಲೆ ಎರಡು ಬಾಡಿಗೆ ಮನೆಗಳಿವೆ. ಬಾಡಿಗೆಯ ಎರಡೂ ಮನೆಗಳಿಗೆ ಸಬ್ ಮೀಟರ್, ಅಂದರೆ ಆಯಾ ಮನೆಯ ಬಳಕೆಯನ್ನಷ್ಟೇ ಅಳೆಯುವ ಒಳ ಮೀಟರ್ ಹಾಕಿದ್ದಾರೆ. ಮಾಲೀಕರ ಮನೆಗೆ ಸಬ್ ಮೀಟರ್ ಇಲ್ಲ. ಮುಖ್ಯ ಮೀಟರ್ ಇರುವ ಪೆಟ್ಟಿಗೆ ಅವರ ಗೇಟಿನ ಒಳಗಡೆ ಬೀಗದಲ್ಲಿದೆ. ಸರಬರಾಜು ಸಂಸ್ಥೆಯ ಬಿಲ್ಲು ಅವರ ಮೊಬೈಲಿಗೆ ಹೋಗುತ್ತದೆ. ನೀರಿಗೂ ಹೀಗೆಯೇ ಒಂದೇ ಮೀಟರ್, ಒಂದೇ ಬಿಲ್ಲು. ಅಂದರೆ ಅಳೆಯುವವರು, ಲೆಕ್ಕ ಹಾಕುವವರು, ಹಣ ವಸೂಲು ಮಾಡುವವರು ಎಲ್ಲವೂ ಒಬ್ಬರೇ. ಹಣ ಕೊಡುವ ನಮಗೆ ಮಾತ್ರ ಇವುಗಳಲ್ಲಿ ಯಾವುದನ್ನೂ ಕಣ್ಣಾರೆ ನೋಡುವ ಅವಕಾಶವಿಲ್ಲ.

ಊರಿಗೆ ಹೋಗಿ ಮನೆಗೆ ಬೀಗ ಹಾಕಿದ್ದ ತಿಂಗಳಲ್ಲೂ ಚೀಟಿಯ ಮೊತ್ತ ಹೇಳಿಕೊಳ್ಳುವಂತೆ ಇಳಿಯಲಿಲ್ಲ. ಅನುಮಾನ ಬಂದದ್ದು ಆಗ. ಸಬ್ ಮೀಟರನ್ನು ಸರಿಯಾಗಿ ನೋಡಲು ಶುರು ಮಾಡಿದೆ. ಅದರ ಮುಖದ ಮೇಲೆ ಒಂದು ಸಣ್ಣ ಕೆಂಪು ದೀಪವಿದೆ, ಪಕ್ಕದಲ್ಲಿ ಯೂನಿಟ್ಟಿಗೆ 3200 ಎಂದು ಅಚ್ಚಾಗಿದೆ. ಆ ದೀಪ 3200 ಸಲ ಮಿನುಗಿದರೆ ಒಂದು ಯೂನಿಟ್ ಏರುತ್ತದೆ ಎಂದು ಅದರ ಅರ್ಥ. ಒಂದು ಸಂಜೆ ನಮ್ಮ ಮನೆಯ ಮುಖ್ಯ ಸ್ವಿಚ್ಚನ್ನೇ ಇಳಿಸಿ ಟಾರ್ಚ್ ಹಿಡಿದು ಮೀಟರಿನ ಮುಂದೆ ನಿಂತೆ. ಮನೆಯೊಳಗೆ ಒಂದು ದೀಪವೂ ಉರಿಯುತ್ತಿರಲಿಲ್ಲ. ಆದರೂ ಆ ಕೆಂಪು ದೀಪ ಹೆಚ್ಚುಕಡಿಮೆ ಸೆಕೆಂಡಿಗೊಮ್ಮೆ ಮಿನುಗುತ್ತಿತ್ತು. ಕೆಳಗೆ ನೀರೆತ್ತುವ ಪಂಪು ಓಡುತ್ತಿರುವ ಸದ್ದು ಕೇಳುತ್ತಿತ್ತು. ಸ್ವಲ್ಪ ಹೊತ್ತಿಗೆ ಪಂಪು ನಿಂತಿತು, ಮಿನುಗುವುದೂ ನಿಂತಿತು. ಪೂರ್ತಿ ನಿಲ್ಲಲಿಲ್ಲ ಎನ್ನಬೇಕು. ಸುಮಾರು ಎರಡು ನಿಮಿಷಕ್ಕೊಮ್ಮೆ ಒಂದು ಮಿನುಗು ಕಾಣುತ್ತಿತ್ತು. ಮೆಟ್ಟಿಲ ಮೇಲಿನ ಎಲ್ಇಡಿ ದೀಪವನ್ನು ಆರಿಸಿದ ಮೇಲೆ ಅದೂ ಇಲ್ಲವಾಯಿತು.

ಲೆಕ್ಕ ಸರಿಹೊಂದುತ್ತದೆ. ಒಂದು ಅಶ್ವಶಕ್ತಿ ಎಂದರೆ 746 ವ್ಯಾಟ್. ಮೋಟಾರಿನೊಳಗೆ ಆಗುವ ನಷ್ಟವನ್ನೂ ಸೇರಿಸಿದರೆ ಒಂದು ಅಶ್ವಶಕ್ತಿಯ ಪಂಪು ಸುಮಾರು ಸಾವಿರ ವ್ಯಾಟ್ ಎಳೆಯುತ್ತದೆ. ಸಾವಿರ ವ್ಯಾಟ್ ಒಂದು ಗಂಟೆ ಓಡಿದರೆ ಒಂದು ಯೂನಿಟ್, ಅಂದರೆ ಗಂಟೆಗೆ 3200 ಮಿನುಗು, ಸೆಕೆಂಡಿಗೆ ಒಂದಕ್ಕೆ ಹತ್ತಿರ. ಒಂಬತ್ತು ವ್ಯಾಟಿನ ದೀಪಕ್ಕೆ ಎರಡು ನಿಮಿಷಕ್ಕೊಂದು. ಆಮೇಲೆ ಎಲೆಕ್ಟ್ರಿಷಿಯನ್ ಕರೆಸಿ ತೋರಿಸಿದಾಗ ಅವರು ಮುಚ್ಚಳ ತೆಗೆದು, ಸಬ್ ಮೀಟರ್ ದಾಟಿದ ಮೇಲೆ ನಮ್ಮ ಮುಖ್ಯ ಸ್ವಿಚ್ಚಿಗೆ ಬರುವ ಮೊದಲೇ ಒಂದು ವೈರು ಕವಲೊಡೆದು ಕೆಳಗಿಳಿದಿರುವುದನ್ನು ತೋರಿಸಿದರು. ಮೂರೂ ಮನೆಗಳಿಗೆ ನೀರೆತ್ತುವ ಪಂಪು, ಎಲ್ಲರೂ ಹತ್ತಿಳಿಯುವ ಮೆಟ್ಟಿಲ ದೀಪ, ಎರಡೂ ನಮ್ಮ ಮೀಟರಿನ ಮೇಲೆ ಓಡುತ್ತಿವೆ. ಪಂಪು ದಿನಕ್ಕೆ ಒಂದು ಗಂಟೆ ಓಡಿದರೂ ತಿಂಗಳಿಗೆ 30 ಯೂನಿಟ್ ಆಯಿತು. 75 ವ್ಯಾಟಿನ ಸೀಲಿಂಗ್ ಫ್ಯಾನು ದಿನಕ್ಕೆ 12 ಗಂಟೆಯಂತೆ ತಿಂಗಳಿಡೀ ತಿರುಗಿದರೂ ಆಗುವುದು 27 ಯೂನಿಟ್. ಮಕ್ಕಳಿಗೆ ‘ಫ್ಯಾನು ಆರಿಸಿ, ದೀಪ ಆರಿಸಿ’ ಎಂದು ಹೇಳುತ್ತಾ ನಾವು ಉಳಿಸಿದ್ದಕ್ಕಿಂತ ಹೆಚ್ಚಿನದು ಗೋಡೆಯೊಳಗಿನ ಆ ಒಂದು ವೈರಿನಲ್ಲಿ ಹರಿದು ಹೋಗುತ್ತಿದೆ. ಇದರ ಛಾಯಾಚಿತ್ರಗಳು ಮತ್ತು ವಿಡಿಯೊ ನನ್ನ ಬಳಿ ಇವೆ.

ಎರಡನೆಯದು ದರದ ವಿಷಯ. ಇದು ವೈರಿನಷ್ಟು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ಮನೆಬಳಕೆಯ ವಿದ್ಯುತ್ತಿಗೆ ಹಲವು ಕಡೆ ಹಂತ ಹಂತದ ದರವಿರುತ್ತದೆ. ಮೊದಲ ಇಷ್ಟು ಯೂನಿಟ್ಟಿಗೆ ಕಡಿಮೆ, ಅದನ್ನು ದಾಟಿದ್ದಕ್ಕೆ ಹೆಚ್ಚು. ಮಿತವಾಗಿ ಬಳಸುವ ಮನೆಗೆ ಹೊರೆಯಾಗದಿರಲಿ ಎಂದೇ ಈ ಏರ್ಪಾಡು. ಉದಾಹರಣೆಗೆ ಮೊದಲ ಹಂತ 100 ಯೂನಿಟ್ ಎಂದುಕೊಳ್ಳೋಣ. ಮೂರು ಮನೆಗಳು ತಲಾ 90 ಯೂನಿಟ್ ಬಳಸಿದರೆ, ಬೇರೆ ಬೇರೆ ಸಂಪರ್ಕವಿದ್ದಾಗ ಮೂವರೂ ಕಡಿಮೆ ದರದಲ್ಲೇ ಉಳಿಯುತ್ತಾರೆ. ಒಂದೇ ಸಂಪರ್ಕಕ್ಕೆ ಸೇರಿಸಿದಾಗ 270 ಯೂನಿಟ್ ಆಗಿ, 170 ಯೂನಿಟ್ ಹೆಚ್ಚಿನ ದರಕ್ಕೆ ಬೀಳುತ್ತದೆ. ಬಳಕೆ ಹೆಚ್ಚಾಗಿಲ್ಲ, ಬಿಲ್ಲು ಹೆಚ್ಚಾಗಿದೆ. ಇಷ್ಟೇ ಆಗಿದ್ದರೆ ಮೂವರೂ ಸಮನಾಗಿ ಹೊರಬಹುದಿತ್ತು. ಆದರೆ ನನ್ನ ಲೆಕ್ಕದಂತೆ ನಮ್ಮ ಕಟ್ಟಡದಲ್ಲಿ ಬಾಡಿಗೆದಾರರ ಎಲ್ಲ ಯೂನಿಟ್‌ಗಳಿಗೂ ಮೇಲಿನ ಹಂತದ ದರ ಹಾಕಲಾಗುತ್ತಿದೆ, ಅದರ ಮೇಲೆ ಇನ್ನಷ್ಟು ಸೇರಿಸಲಾಗುತ್ತಿದೆ. ಮೊದಲ ಹಂತದ ಕಡಿಮೆ ದರ ಪೂರ್ತಿಯಾಗಿ ಮಾಲೀಕರ ಪಾಲಿಗೆ ಹೋಗುತ್ತಿದೆ. ಒಂದೇ ಒಂದು ಸಲ ಪಕ್ಕದ ಬಾಡಿಗೆದಾರರೂ ನಾನೂ ಕೂತು ಇಬ್ಬರ ಚೀಟಿಗಳನ್ನು ಒಟ್ಟಿಗಿಟ್ಟು ನೋಡಿದೆವು. ಮುಖ್ಯ ಬಿಲ್ಲು ನಮ್ಮ ಕೈಯಲ್ಲಿರಲಿಲ್ಲ, ಆದರೂ ನಮ್ಮ ಅಂದಾಜಿನಲ್ಲಿ ನಾವಿಬ್ಬರು ಕಟ್ಟಿದ್ದೇ ಅದರ ಬಹುಪಾಲನ್ನು ತುಂಬಿಸುವಂತಿತ್ತು. ಕೆಳಗಿನ ಮನೆಯ ಎರಡು ಹವಾನಿಯಂತ್ರಕಗಳೂ ಗೀಸರುಗಳೂ ಹಾಗಾದರೆ ಯಾರ ಹಣದಲ್ಲಿ ನಡೆಯುತ್ತಿವೆ?

ನಿಗದಿತ ಶುಲ್ಕದ್ದೂ ಇದೇ ಕಥೆ. ಆ ಶುಲ್ಕ ಬಳಸಿದ ಯೂನಿಟ್ಟಿನ ಮೇಲೆ ಬರುವಂಥದ್ದಲ್ಲ, ಕಟ್ಟಡಕ್ಕೆ ಮಂಜೂರಾದ ಕಿಲೋವ್ಯಾಟ್ ಮೇಲೆ ಬರುವಂಥದ್ದು. ಹೆಚ್ಚು ಕಿಲೋವ್ಯಾಟ್ ಪಡೆಯಬೇಕಾಗಿ ಬಂದದ್ದು ಹವಾನಿಯಂತ್ರಕಗಳಿಗಾಗಿ. ಶುಲ್ಕವನ್ನು ಮಾತ್ರ ಮೂರು ಸಮ ಪಾಲು ಮಾಡುತ್ತಾರೆ.

ಇನ್ನು ನೀರು. ತಲೆ ಲೆಕ್ಕದಲ್ಲಿ ಹಂಚುವುದು ತಪ್ಪೆಂದು ನಾನು ಹೇಳುವುದಿಲ್ಲ. ಪ್ರತಿ ಮನೆಗೂ ಮೀಟರ್ ಇಲ್ಲದಿದ್ದಾಗ ಅದು ಒಪ್ಪಬಹುದಾದ ದಾರಿಯೇ. ಆದರೆ ಹಂಚುವ ಮೊದಲು ಹಂಚಬೇಕಾದ್ದು ಎಷ್ಟು ಎಂದು ತೀರ್ಮಾನವಾಗಬೇಕಲ್ಲವೇ? ಮೇಲಿನ ತೊಟ್ಟಿಯ ತೇಲು ಕವಾಟ ಕೆಟ್ಟು ಬಹಳ ಕಾಲವಾಗಿದೆ. ಪಂಪು ಹಾಕಿ ಮರೆತರೆ ತೊಟ್ಟಿ ತುಂಬಿ ನೀರು ಗೋಡೆಗುಂಟ ಇಳಿಯುತ್ತದೆ. ಆ ಗೋಡೆಯ ಮೇಲೆ ಹಸಿರು ಪಾಚಿ ಕಟ್ಟಿ ಬಣ್ಣ ಸಿಪ್ಪೆ ಸಿಪ್ಪೆಯಾಗಿ ಎದ್ದಿದೆ, ಯಾರು ಬೇಕಾದರೂ ಬಂದು ನೋಡಬಹುದು. ಹೀಗೆ ಹರಿದುಹೋದ ನೀರಿಗೆ ನಾವು ನೀರಿನ ಬಿಲ್ಲಿನಲ್ಲಿ ಪಾಲು ಕೊಡುತ್ತೇವೆ. ಅದನ್ನು ಮೇಲೆತ್ತಿದ ಪಂಪಿನ ವಿದ್ಯುತ್ತಿಗೆ ನಾನೊಬ್ಬನೇ ಪೂರ್ತಿ ಹಣ ಕೊಡುತ್ತೇನೆ. ಒಂದೇ ನಷ್ಟಕ್ಕೆ ಎರಡು ಕಡೆಯಿಂದ ದಂಡ. ಸೆಕೆಂಡಿಗೆ ಒಂದು ಹನಿ ಬೀಳುವ ನಲ್ಲಿಯೇ ದಿನಕ್ಕೆ ಇಪ್ಪತ್ತು ಲೀಟರಿನಷ್ಟು ನೀರು ಕಳೆಯುತ್ತದೆ ಎಂದರೆ, ತುಂಬಿ ಹರಿಯುವ ತೊಟ್ಟಿಯ ಲೆಕ್ಕ ನೀವೇ ಊಹಿಸಬಹುದು. ತೊಟ್ಟಿ ಅವರದು, ಕವಾಟ ಅವರದು, ತಾರಸಿಯ ಬೀಗದ ಕೈ ಅವರ ಬಳಿ ಇದೆ. ನಾವೇ ಹಣ ಹಾಕಿ ರಿಪೇರಿ ಮಾಡಿಸುತ್ತೇವೆ ಎಂದರೂ ಅದಕ್ಕೆ ಅವರು ಒಪ್ಪಲಿಲ್ಲ.

ಇಷ್ಟನ್ನೂ ಮಾಲೀಕರಿಗೆ ಮೊದಲು ಬಾಯಿಮಾತಿನಲ್ಲಿ, ಆಮೇಲೆ ಬರಹದಲ್ಲಿ ತಿಳಿಸಿದ್ದೇನೆ. ನಾನು ಕೇಳಿದ್ದು ಮುಖ್ಯ ಬಿಲ್ಲಿನ ಒಂದು ಪ್ರತಿ, ಅಷ್ಟೇ. ‘ಲೆಕ್ಕ ಕೇಳುವವರು ಬೇರೆ ಮನೆ ನೋಡಿಕೊಳ್ಳಲಿ’ ಎಂಬ ಉತ್ತರ ಬಂತು. ಅದಾದ ಕೆಲವೇ ದಿನಗಳಲ್ಲಿ ನಮ್ಮ ಮನೆಗೆ ಬರುವ ನೀರಿನ ಕವಾಟವನ್ನು ಬೆಳಗಿನ ಹೊತ್ತೇ ಮುಚ್ಚಲಾಯಿತು. ಶಾಲೆಗೆ ಹೊರಡುವ ಮಕ್ಕಳು, ಕೆಲಸಕ್ಕೆ ಹೊರಡುವ ನಾವು, ಒಂದು ಬಕೆಟ್ ನೀರಿಗಾಗಿ ಪಕ್ಕದವರ ಬಾಗಿಲು ತಟ್ಟಬೇಕಾಯಿತು. ಕವಾಟ ಕೆಟ್ಟಿತ್ತು ಎಂದರು. ಮಧ್ಯಾಹ್ನದ ಹೊತ್ತಿಗೆ ಯಾವ ರಿಪೇರಿಯೂ ಇಲ್ಲದೆ ನೀರು ಬಂತು. ಪ್ರಶ್ನೆ ಕೇಳಿದ್ದಕ್ಕೆ ಇದು ಶಿಕ್ಷೆ ಎಂದು ನಮಗೂ ಗೊತ್ತಾಯಿತು, ಪಕ್ಕದ ಬಾಡಿಗೆದಾರರಿಗೂ ಗೊತ್ತಾಯಿತು. ಅಂದಿನಿಂದ ಅವರು ಈ ವಿಷಯ ಮಾತಾಡುವುದನ್ನು ನಿಲ್ಲಿಸಿದ್ದಾರೆ. ಅವರ ಮೇಲೆ ನನಗೆ ಬೇಸರವಿಲ್ಲ. ಮುಂಗಡದ ಹಣ ಮಾಲೀಕರ ಕೈಯಲ್ಲಿರುವಾಗ ಬಾಯಿ ಬಿಡಲು ಎಲ್ಲರಿಗೂ ಧೈರ್ಯ ಬರುವುದಿಲ್ಲ.

ಮಾಲೀಕರ ಕಷ್ಟವೂ ನನಗೆ ತಿಳಿಯದ್ದೇನಲ್ಲ. ಸಂಪರ್ಕ ಅವರ ಹೆಸರಿನಲ್ಲಿರುತ್ತದೆ. ಬಾಡಿಗೆದಾರ ಬಾಕಿ ಉಳಿಸಿ ಹೋದರೆ ಸಂಸ್ಥೆ ಬಂದು ನಿಲ್ಲುವುದು ಅವರ ಬಾಗಿಲಿಗೇ. ಹಾಗೆ ಮೋಸ ಹೋದ ಮಾಲೀಕರೂ ಇದ್ದಾರೆ, ಬಾಡಿಗೆಯ ಹಣದಲ್ಲೇ ಔಷಧಿ ಕೊಳ್ಳುವ ವೃದ್ಧ ಮಾಲೀಕರೂ ಇದ್ದಾರೆ. ಅವರ ರಕ್ಷಣೆಗೆ ಒಂದಷ್ಟು ಠೇವಣಿ ಇಟ್ಟುಕೊಳ್ಳಲಿ, ಮನೆ ಬಿಡುವಾಗ ಬಾಕಿ ಮುರಿದುಕೊಳ್ಳಲಿ. ಆದರೆ ಬಾಕಿಯ ಭಯವನ್ನು ಮುಂದಿಟ್ಟುಕೊಂಡು ಲೆಕ್ಕವನ್ನೇ ಮುಚ್ಚಿಡುವುದಕ್ಕೆ ಯಾವ ಸಮರ್ಥನೆಯೂ ಇಲ್ಲ.

ಸರಬರಾಜು ಸಂಸ್ಥೆಯ ಅಧಿಕಾರಿಗಳಲ್ಲಿ ನನ್ನ ದೂರು ಬೇರೆಯೇ ಇದೆ. ನಮ್ಮ ಮನೆಗೆ ಪ್ರತ್ಯೇಕ ಮೀಟರ್ ಕೊಡಿ, ಠೇವಣಿ ನಾನೇ ಕಟ್ಟುತ್ತೇನೆ ಎಂದು ಅರ್ಜಿ ಹಿಡಿದು ನಿಮ್ಮ ಕಚೇರಿಗೆ ಬಂದಿದ್ದೆ. ಮಾಲೀಕರ ಒಪ್ಪಿಗೆ ಪತ್ರ ತನ್ನಿ ಎಂದು ಹೇಳಿ ಕಳುಹಿಸಿದರು. ಯಾರ ಮೇಲೆ ದೂರಿದೆಯೋ ಅವರ ಒಪ್ಪಿಗೆಯನ್ನು ಎಲ್ಲಿಂದ ತರಲಿ? ವಿದ್ಯುತ್ ಕಾಯ್ದೆ, 2003ರ 43ನೇ ಸೆಕ್ಷನ್ ಸಂಪರ್ಕ ಕೇಳುವ ಹಕ್ಕನ್ನು ಮಾಲೀಕರಿಗೆ ಮಾತ್ರ ಮೀಸಲಿಟ್ಟಿಲ್ಲ. ಕಟ್ಟಡದ ಮಾಲೀಕ ಅಥವಾ ಅದರಲ್ಲಿ ವಾಸವಿರುವವರು ಎಂದು ಇಬ್ಬರನ್ನೂ ಹೆಸರಿಸಿದೆ. ಅದೇ ಕಾಯ್ದೆಯ 55ನೇ ಸೆಕ್ಷನ್ ಸರಿಯಾದ ಮೀಟರ್ ಮೂಲಕವೇ ವಿದ್ಯುತ್ ಪೂರೈಸಬೇಕೆನ್ನುತ್ತದೆ. ಮುಖ್ಯ ಮೀಟರ್ ಸರಿಯಿದೆಯಲ್ಲ ಎಂದು ನೀವು ಹೇಳಬಹುದು. ಆ ಮೀಟರಿನ ಹಿಂದೆ ಮೂರು ಸಂಸಾರಗಳಿವೆ, ಎರಡು ಸಂಸಾರಗಳ ಪಾಲಿಗೆ ಯಾರೂ ಪರೀಕ್ಷಿಸದ, ಯಾರೂ ಮುದ್ರೆ ಹಾಕದ ಸಬ್ ಮೀಟರೇ ಅಂತಿಮ ತೀರ್ಪು ಎಂಬುದು ನಿಮಗೂ ತಿಳಿದ ಸಂಗತಿ.

ಇದಕ್ಕೆ ಪರಿಹಾರ ಹುಡುಕಲು ಹೊಸದಾಗಿ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಬ್ರಿಟನ್ನಿನಲ್ಲಿ ಇಂಧನ ನಿಯಂತ್ರಣ ಸಂಸ್ಥೆಯಾದ ಆಫ್‌ಜೆಮ್ ವಿಧಿಸಿರುವ ಮರುಮಾರಾಟದ ಗರಿಷ್ಠ ದರದ ನಿಯಮದಂತೆ, ಮಾಲೀಕರು ತಾವು ವಿದ್ಯುತ್ತಿಗೆ ಕೊಟ್ಟ ದರಕ್ಕಿಂತ ಹೆಚ್ಚನ್ನು ಬಾಡಿಗೆದಾರರಿಂದ ಪಡೆಯುವಂತಿಲ್ಲ. ಜರ್ಮನಿಯಲ್ಲಿ ಲೆಕ್ಕದ ಅವಧಿ ಮುಗಿದ 12 ತಿಂಗಳೊಳಗೆ ಮಾಲೀಕರು ಖರ್ಚಿನ ಲೆಕ್ಕ ಕೊಡಬೇಕು. ತಮ್ಮ ತಪ್ಪಿನಿಂದ ತಡಮಾಡಿದರೆ ಆಮೇಲೆ ಹೆಚ್ಚುವರಿ ಹಣ ಕೇಳಲು ಬರುವುದಿಲ್ಲ. ಒಂದೇ ವ್ಯವಸ್ಥೆಯಿಂದ ಹಲವು ಮನೆಗಳನ್ನು ಬೆಚ್ಚಗಿಡುವ ಕಟ್ಟಡಗಳಲ್ಲಿ ಆ ವೆಚ್ಚದ ಕನಿಷ್ಠ ಶೇ. 50ರಷ್ಟನ್ನು ಆಯಾ ಮನೆಯ ಬಳಕೆ ಅಳೆದೇ ಹಂಚಬೇಕು ಎಂದು ಅಲ್ಲಿ ನಿಯಮವಿದೆ. ಹಾಗೆ ಹಂಚದಿದ್ದರೆ ಬಾಡಿಗೆದಾರ ತನ್ನ ಪಾಲಿನಲ್ಲಿ ಶೇ. 15ರಷ್ಟು ಕಡಿತ ಮಾಡಿಕೊಳ್ಳಬಹುದು. ನಮ್ಮಲ್ಲೂ ಕೇಂದ್ರ ಸಂಪುಟ 2021ರಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ, ನೀರು ವಿದ್ಯುತ್ತಿನಂಥ ಅಗತ್ಯ ಸೌಲಭ್ಯಗಳನ್ನು ತಡೆಹಿಡಿಯಬಾರದೆಂದು ಸ್ಪಷ್ಟವಾಗಿ ಹೇಳುತ್ತದೆ. ಅದು ಮಾದರಿ ಮಾತ್ರ, ರಾಜ್ಯಗಳು ಅಳವಡಿಸಿಕೊಂಡರಷ್ಟೇ ಅದಕ್ಕೆ ಬಲ ಎಂಬುದು ನನಗೆ ಗೊತ್ತಿದೆ. ಅದಕ್ಕಾಗಿಯೇ ಈ ಮನವಿ ನಿಮ್ಮ ಮುಂದಿದೆ.

ಮೊದಲು ನನ್ನ ಮನೆಯ ವಿಷಯ. ದಯವಿಟ್ಟು ಒಬ್ಬ ಅಧಿಕಾರಿಯನ್ನು ಕಳುಹಿಸಿ, ಮಾಲೀಕರೂ ನಾವೂ ಎದುರಿಗಿರುವಂತೆ ವೈರಿಂಗ್ ಪರಿಶೀಲಿಸಿ. ನಾನು ಮಾಡಿದ ಪರೀಕ್ಷೆಯನ್ನೇ ಅವರ ಮುಂದೆ ಮಾಡಬಹುದು, ಹತ್ತು ನಿಮಿಷದ ಕೆಲಸ. ಪಂಪು ಮತ್ತು ಮೆಟ್ಟಿಲ ದೀಪವನ್ನು ನಮ್ಮ ಮೀಟರಿನಿಂದ ಬಿಡಿಸಿ, ಅವುಗಳಿಗೆ ಬೇರೆ ಮೀಟರ್ ಹಾಕಿ ಮೂರೂ ಮನೆಗಳಿಗೆ ಹಂಚುವಂತೆ ಆದೇಶಿಸಿ. ನಾವು ಈ ಮನೆಗೆ ಬಂದ ದಿನದಿಂದ ಇಂದಿನವರೆಗಿನ ಮುಖ್ಯ ಬಿಲ್ಲುಗಳನ್ನು ತರಿಸಿ, ನಮ್ಮಿಂದ ಪಡೆದ ಹೆಚ್ಚುವರಿ ಹಣವನ್ನು ಮುಂದಿನ ಬಾಡಿಗೆಯಲ್ಲಿ ಹೊಂದಿಸಿಕೊಳ್ಳಲು ಅವಕಾಶ ಕೊಡಿ. ನಾನು ಕೊಟ್ಟದ್ದು ಕಡಿಮೆ ಎಂದು ಲೆಕ್ಕದಲ್ಲಿ ಬಂದರೆ ಅದನ್ನೂ ಕಟ್ಟುತ್ತೇನೆ.

ಇನ್ನುಳಿದದ್ದು ಎಲ್ಲ ಬಾಡಿಗೆದಾರರ ಪರವಾಗಿ. ಸಬ್ ಮೀಟರ್ ಮೂಲಕ ಹಣ ಪಡೆಯುವ ಮಾಲೀಕರು ಪ್ರತಿ ತಿಂಗಳೂ ಮುಖ್ಯ ಬಿಲ್ಲಿನ ಪ್ರತಿಯನ್ನೂ ಎರಡೂ ರೀಡಿಂಗ್‌ಗಳನ್ನೂ ಬಾಡಿಗೆದಾರರಿಗೆ ಕೊಡುವುದು ಕಡ್ಡಾಯವಾಗಬೇಕು. ಬಿಲ್ಲು ತೋರಿಸದ ತಿಂಗಳು ಹಣ ಕಟ್ಟದಿದ್ದರೆ ಅದನ್ನು ಬಾಕಿ ಎಂದು ಪರಿಗಣಿಸಬಾರದು. ಯೂನಿಟ್ ದರ ಎಂದರೆ ಒಟ್ಟು ವಿದ್ಯುತ್ ಶುಲ್ಕವನ್ನು ಒಟ್ಟು ಯೂನಿಟ್ಟಿನಿಂದ ಭಾಗಿಸಿ ಬರುವ ಸರಾಸರಿ. ಮಾಲೀಕರಿಗೂ ಅದೇ, ಬಾಡಿಗೆದಾರರಿಗೂ ಅದೇ. ಮಾಲೀಕರು ಅದೇ ಕಟ್ಟಡದಲ್ಲಿದ್ದರೆ ಅವರ ಮನೆಗೂ ಸಬ್ ಮೀಟರ್ ಇರಲೇಬೇಕು, ಇಲ್ಲವಾದರೆ ಕೂಡಿಸಿ ತಾಳೆ ನೋಡುವುದು ಸಾಧ್ಯವೇ ಇಲ್ಲ. ನಿಗದಿತ ಶುಲ್ಕ ಆಯಾ ಮನೆಯ ಲೋಡಿಗೆ ತಕ್ಕಂತೆ ಹಂಚಿಕೆಯಾಗಲಿ. ಸೋರಿಕೆಯನ್ನು ಬರಹದಲ್ಲಿ ತಿಳಿಸಿದ ಮೇಲೆ ರಿಪೇರಿಗೆ ಗಡುವು ಗೊತ್ತುಮಾಡಿ, ಗಡುವು ದಾಟಿದ ಮೇಲಿನ ನಷ್ಟ ಮಾಲೀಕರ ಪಾಲಿಗೆ ಇರಲಿ. ಹಿಂದೆ ಇದ್ದವರ ಬಾಕಿಯನ್ನು ಹೊಸ ಬಾಡಿಗೆದಾರರ ತಲೆಗೆ ಕಟ್ಟುವುದನ್ನು ತಡೆಯಲು, ಮನೆಗೆ ಬಂದ ದಿನದ ರೀಡಿಂಗನ್ನು ಕರಾರು ಪತ್ರದಲ್ಲೇ ನಮೂದಿಸಿ ಇಬ್ಬರೂ ಸಹಿ ಹಾಕುವ ಪದ್ಧತಿ ತನ್ನಿ.

ಪ್ರತ್ಯೇಕ ಮೀಟರ್ ಕೇಳಿ ಬರುವ ಬಾಡಿಗೆದಾರರಿಗೆ ನೋಂದಾಯಿತ ಕರಾರು ಪತ್ರ ಮತ್ತು ಠೇವಣಿ ಸಾಕು ಎಂದು ಸರಬರಾಜು ಸಂಸ್ಥೆಯವರು ತಮ್ಮ ಎಲ್ಲ ಕಚೇರಿಗಳಿಗೂ ಸುತ್ತೋಲೆ ಕಳುಹಿಸಲಿ. ಬಾಕಿ ಉಳಿದರೆ ಠೇವಣಿಯಿಂದ ಮುರಿದುಕೊಳ್ಳಲಿ, ಮಾಲೀಕರ ಮೇಲೆ ಅದು ಬೀಳದಿರಲಿ. ಬಹುಪಾಲು ಮಾಲೀಕರೂ ಇದನ್ನು ಸಂತೋಷದಿಂದಲೇ ಒಪ್ಪುತ್ತಾರೆಂದು ನನ್ನ ನಂಬಿಕೆ.

ಎಲ್ಲಕ್ಕಿಂತ ತುರ್ತಾದದ್ದು ಒಂದಿದೆ. ಲೆಕ್ಕ ಕೇಳಿದ್ದಕ್ಕೆ ನೀರು ನಿಲ್ಲಿಸಿದರೆ, ವಿದ್ಯುತ್ ಕಡಿದರೆ, ಮನೆ ಬಿಡಿಸಿದರೆ ಬಾಡಿಗೆದಾರರು ಆ ದಿನವೇ ದೂರು ಕೊಟ್ಟು ಆ ದಿನವೇ ಸೌಲಭ್ಯ ಮರಳಿ ಪಡೆಯುವಂತಿರಬೇಕು. ವಾಯಿದೆಗಳ ಮೇಲೆ ವಾಯಿದೆ ಬೀಳುವ ದಾವೆಯಿಂದ ಬೆಳಗಿನ ನೀರು ಬರುವುದಿಲ್ಲ. ಈ ಪತ್ರದ ನಂತರ ನಮ್ಮ ಮನೆಯ ಕವಾಟ ಮತ್ತೆ ಮುಚ್ಚಬಹುದು ಎಂಬ ಆತಂಕ ನನ್ನ ಮನೆಯವರಿಗಿದೆ. ಅದು ಗೊತ್ತಿದ್ದೂ ಬರೆಯುತ್ತಿದ್ದೇನೆ.

ನನ್ನ ಬಳಿಯಿರುವ ಚೀಟಿಗಳು, ಮೀಟರಿನ ಛಾಯಾಚಿತ್ರಗಳು, ಮಾಲೀಕರಿಗೆ ಕೊಟ್ಟ ಮನವಿಯ ಪ್ರತಿ, ಎಲೆಕ್ಟ್ರಿಷಿಯನ್ ಬರೆದುಕೊಟ್ಟ ಟಿಪ್ಪಣಿ, ಇವನ್ನೆಲ್ಲ ದೂರಿನ ಅರ್ಜಿಯೊಂದಿಗೆ ನಿಮ್ಮ ಕಚೇರಿಗೆ ಸಲ್ಲಿಸಿದ್ದೇನೆ. ಈ ತಿಂಗಳ ಬಾಡಿಗೆಯನ್ನು ಎಂದಿನಂತೆ ಕಟ್ಟಿದ್ದೇನೆ. ‘ಕರೆಂಟು, ನೀರು’ ಚೀಟಿಯ ಮೊತ್ತವನ್ನು ಬೇರೆಯಾಗಿ ಎತ್ತಿಟ್ಟಿದ್ದೇನೆ. ಬಿಲ್ಲಿನ ಪ್ರತಿ ಕೈಗೆ ಬಂದ ದಿನ ಅದರಲ್ಲಿ ನನ್ನ ಪಾಲೆಷ್ಟೋ ಅಷ್ಟನ್ನು ಮಾಲೀಕರಿಗೆ ತಲುಪಿಸುತ್ತೇನೆ. ಪರಿಶೀಲನೆಗೆ ಯಾವ ದಿನ ಬರುತ್ತೀರಿ ಎಂಬುದನ್ನು ಮಾಲೀಕರಿಗೂ ನನಗೂ ಲಿಖಿತವಾಗಿ ತಿಳಿಸಬೇಕೆಂದು ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಬಾಡಿಗೆದಾರ